ಚೆಕ್ಕುಬಂದಿ ಅರ್ಧಕ್ಕೆ ನಿಂತ ಗಡಿ

ಜಮೀನಿನ ಕ್ರಯಪತ್ರ ಓದಿದವರಿಗೆ ಚೆಕ್ಕುಬಂದಿಯ ಬೆಲೆ ಗೊತ್ತಿರುತ್ತದೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಹೊಲ, ದಕ್ಷಿಣಕ್ಕೆ ಬಂಡಿದಾರಿ ಎಂದೆಲ್ಲ ಸರಿಯಾಗಿ ಬರೆದವನು, ಉತ್ತರಕ್ಕೆ ಬಂದಾಗ ಮಾತ್ರ 'ಗುಡ್ಡದ ಕಡೆಗೆ' ಎಂದು ಗೀಚಿ ಎದ್ದುಹೋದ ಅಂದುಕೊಳ್ಳಿ. ಗುಡ್ಡದಲ್ಲಿ ಹುಲ್ಲೂ ಬೆಳೆಯುವುದಿಲ್ಲ, ಹಾಗಾಗಿ ಎರಡು ತಲೆಮಾರು ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಪಕ್ಕದವನು ಒಂದು ದಿನ ಅಲ್ಲಿ ಗೂಟ ಹೊಡೆಯಲು ಬಂದಾಗ ಪೆಟ್ಟಿಗೆಯಿಂದ ಪತ್ರ ಹೊರಬೀಳುತ್ತದೆ.

ಭಾರತ–ಪಾಕಿಸ್ತಾನ ಗಡಿಯ ಎರಡೂ ತುದಿಗಳಲ್ಲಿ ಆಗಿರುವುದು ಇದೇ. ಮೇಲಿನ ತುದಿ ಲಡಾಖಿನ ಸಿಯಾಚಿನ್ ಹಿಮನದಿ. ಕೆಳಗಿನ ತುದಿ ಕಚ್ಛ ಮತ್ತು ಸಿಂಧ್ ನಡುವಿನ ಸರ್ ಕ್ರೀಕ್ ಎಂಬ ಕೆಸರಿನ ಕಾಲುವೆ. ಒಂದು ಕಡೆ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿ, ಇನ್ನೊಂದು ಕಡೆ ಉಪ್ಪುನೀರು, ಸೊಳ್ಳೆ, ಮೊಣಕಾಲುದ್ದ ಹೂಳು. ಎರಡಕ್ಕೂ ಮೂಲ ಮಾತ್ರ ಸರ್ಕಾರಿ ಕಾಗದದ ಒಂದೊಂದು ವಾಕ್ಯ.

ಮೊದಲು ಮೇಲಿನದು. 1949ರ ಜುಲೈ 27ರಂದು ಎರಡೂ ಸೇನೆಗಳ ಪ್ರತಿನಿಧಿಗಳು ಕರಾಚಿಯಲ್ಲಿ ಕದನವಿರಾಮ ರೇಖೆಗೆ ಸಹಿ ಹಾಕಿದರು. ಊರು, ಹೊಳೆ, ಶಿಖರಗಳ ಹೆಸರು ಹಿಡಿದು ಸಾಗುವ ಆ ವಿವರಣೆ ಶ್ಯೋಕ್ ಹೊಳೆಯ ಮೇಲಿನ ಚಲುಂಕಾ, ಆಮೇಲೆ ಖೋರ್, 'ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ' ಎಂದು ಮುಗಿದುಬಿಡುತ್ತದೆ. ನಕ್ಷೆಯ ಮೇಲೆ ಗೆರೆ ನಿಂತ ಜಾಗಕ್ಕೆ ಚೌಕಳಿ ಸಂಖ್ಯೆಯೇ ಹೆಸರಾಯಿತು: ಎನ್‌ಜೆ 9842. 1971ರ ಯುದ್ಧ, 1972ರ ಜುಲೈ 2ರ ಸಿಮ್ಲಾ ಒಪ್ಪಂದ ಮುಗಿದು, ಅದೇ ಡಿಸೆಂಬರ್ 11ರಂದು ಸುಚೇತ್‌ಗಢದಲ್ಲಿ ಲೆಫ್ಟಿನೆಂಟ್ ಜನರಲ್ ಪ್ರೇಮ್ ಭಗತ್ ಮತ್ತು ಲೆಫ್ಟಿನೆಂಟ್ ಜನರಲ್ ಅಬ್ದುಲ್ ಹಮೀದ್ ಖಾನ್ ನಿಯಂತ್ರಣ ರೇಖೆಯ ನಕ್ಷೆಗಳಿಗೆ ಸಹಿ ಹಾಕಿದಾಗಲೂ ಗೆರೆ ಅಲ್ಲಿಗೇ ನಿಂತಿತು. ಬರೆದವರನ್ನು ಬೈದು ಪ್ರಯೋಜನವಿಲ್ಲ. ಅಷ್ಟು ಎತ್ತರದಲ್ಲಿ ಮನುಷ್ಯರು ವರ್ಷವಿಡೀ ಪಹರೆ ಕೂರುತ್ತಾರೆಂದು ಆ ಕಾಲದಲ್ಲಿ ಯಾರೂ ಎಣಿಸಿರಲಿಲ್ಲ.

'ಉತ್ತರಕ್ಕೆ' ಎಂದರೆ ಯಾವ ಉತ್ತರ? ಭಾರತದ ವಾದ: ಬೆಟ್ಟದ ನಾಡಿನಲ್ಲಿ ಗಡಿ ನೀರು ಇಬ್ಭಾಗವಾಗುವ ಏಣಿನ ಮೇಲೆ ಹೋಗುವುದು ವಾಡಿಕೆ, ಆದ್ದರಿಂದ ಎನ್‌ಜೆ 9842ರಿಂದ ಹಿಮನದಿಯ ಪಶ್ಚಿಮಕ್ಕಿರುವ ಸಾಲ್ಟೊರೊ ಏಣು ಹಿಡಿದು ಹೋಗಬೇಕು. ಇದರ ಅರ್ಥ ಬೇಕಿದ್ದರೆ ಲಡಾಖಿಗೇ ಹೋಗಬೇಕಿಲ್ಲ. ಬಿಸಿಲೆ ಘಾಟಿಯ ಬಳಿ ಒಂದು ಕಲ್ಲಿದೆ. ಒಂದು ಕಡೆ ಬಂಗಾಳಕೊಲ್ಲಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ ಎಂದು ಕೊರೆದಿದ್ದಾರೆ. ಅದರ ನೆತ್ತಿಯ ಮೇಲೆ ಬಿದ್ದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. ಸಾಲ್ಟೊರೊ ಏಣಿನ ಪೂರ್ವಕ್ಕೆ ಬಿದ್ದ ಹಿಮ ಸಿಯಾಚಿನ್ ಸೇರಿ, ಕರಗಿ, ನೂಬ್ರಾ ಹೊಳೆಯಾಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಪಾಕಿಸ್ತಾನದ ಕೈಯಲ್ಲಿರುವ ಬಲ್ಟಿಸ್ತಾನದ ಕಡೆ ಇಳಿಯುತ್ತದೆ. ಪಾಕಿಸ್ತಾನದ ವಾದ: ಎನ್‌ಜೆ 9842ರಿಂದ ಈಶಾನ್ಯದ ಕಾರಕೋರಂ ಕಣಿವೆ ದಾರಿಗೆ ನೇರ ಗೆರೆ ಎಳೆಯಬೇಕು. ಹಾಗೆ ಎಳೆದರೆ ಸುಮಾರು 76 ಕಿ.ಮೀ. ಉದ್ದದ ಹಿಮನದಿಯ ಬಹುಭಾಗ ಅವರ ಕಡೆಗೆ ಬೀಳುತ್ತದೆ. 1963ರ ಮಾರ್ಚ್‌ನಲ್ಲಿ ಪಾಕಿಸ್ತಾನ ಶಾಕ್ಸ್‌ಗಮ್ ಕಣಿವೆಯನ್ನು ಚೀನಾಕ್ಕೆ ಬಿಟ್ಟುಕೊಟ್ಟ ಒಪ್ಪಂದದಲ್ಲೂ ಗಡಿ ಕೊನೆಗೊಳ್ಳುವುದು ಇದೇ ಕಾರಕೋರಂ ದಾರಿಯಲ್ಲಿ. ಮುಂದೆ ಅಮೆರಿಕದ ಕೆಲವು ನಕ್ಷೆಗಳಲ್ಲೂ ಆ ನೇರ ಗೆರೆ ಕಾಣಿಸಿಕೊಂಡಿತು. ಭಾರತೀಯ ಸೇನೆಯ ಪರ್ವತಾರೋಹಿ ಕರ್ನಲ್ ನರೇಂದ್ರ ಕುಮಾರ್ ಅದನ್ನು ಮೊದಲು ಗಮನಿಸಿದ್ದು ಒಬ್ಬ ಜರ್ಮನ್ ಸಾಹಸಿಯ ಕೈಯಲ್ಲಿದ್ದ ನಕ್ಷೆಯಲ್ಲಿ. ಪರ್ವತಾರೋಹಿಗಳಿಗೆ ಪಾಕಿಸ್ತಾನ ಪರವಾನಗಿ ಕೊಡುತ್ತಿತ್ತು, ಮತ್ತು ಯಾರು ಪರವಾನಗಿ ಕೊಡುತ್ತಾರೋ ನೆಲ ಅವರದು ಎಂಬ ದಾಖಲೆ ತಾನಾಗಿಯೇ ಬೆಳೆಯುತ್ತಿತ್ತು. ಕಂದಾಯ ರಸೀದಿ ತೋರಿಸಿ ಅನುಭೋಗದ ಹಕ್ಕು ಕೇಳುವ ರೀತಿ ಇದು. ಕುಮಾರ್ 1978ರಲ್ಲಿ ಮತ್ತು 1981ರಲ್ಲಿ ತಂಡ ಕಟ್ಟಿಕೊಂಡು ಹಿಮನದಿ ಹತ್ತಿದರು. 1984ರ ಏಪ್ರಿಲ್ 13ರಂದು ಚೀತಾ ಹೆಲಿಕಾಪ್ಟರುಗಳು ಕುಮಾವ್ ರೆಜಿಮೆಂಟಿನ ಯೋಧರನ್ನು ಬಿಲಾಫೊಂಡ್ ಲಾ ಎಂಬ ಕಣಿವೆ ದಾರಿಯ ಮೇಲೆ ಇಳಿಸಿದವು. ಅದೇ ಆಪರೇಷನ್ ಮೇಘದೂತ್. ಪಾಕಿಸ್ತಾನದ ತುಕಡಿಗಳು ಬಂದು ನೋಡುವಷ್ಟರಲ್ಲಿ ಬಿಲಾಫೊಂಡ್ ಲಾ, ಸಿಯಾ ಲಾ ಎರಡರಲ್ಲೂ ಭಾರತದ ಡೇರೆಗಳಿದ್ದವು.

ಇಲ್ಲೊಂದು ತಪ್ಪು ಕಲ್ಪನೆಯನ್ನು ಸರಿಪಡಿಸಬೇಕು. ಸಿಯಾಚಿನ್ ಹಿಮನದಿಯ ಮೇಲೆ ಎರಡು ಸೇನೆಗಳು ಎದುರುಬದುರು ನಿಂತಿಲ್ಲ. ಹಿಮನದಿ ಪೂರ್ತಿ ಭಾರತದ ಕೈಯಲ್ಲಿದೆ. ಎದುರುಬದುರು ಇರುವುದು ಅದರ ಪಶ್ಚಿಮದ ಸಾಲ್ಟೊರೊ ಏಣಿನ ಮೇಲೆ, ಸುಮಾರು 110 ಕಿ.ಮೀ. ಉದ್ದಕ್ಕೆ. ಏಣಿನ ನೆತ್ತಿ ಭಾರತದ್ದು, ಪಶ್ಚಿಮದ ಇಳಿಜಾರು ಪಾಕಿಸ್ತಾನದ್ದು. ಎತ್ತರದಲ್ಲಿರುವವನು ಗೆದ್ದ ಎನ್ನುವುದು ಯುದ್ಧಶಾಸ್ತ್ರದ ಮಾತು. ಸಾಗಾಟದ ಲೆಕ್ಕ ಬೇರೆ. ಪಾಕಿಸ್ತಾನದ ಠಾಣೆಗಳಿಗೆ ಕೆಳಗಿನ ಕಣಿವೆಯಿಂದ ದಾರಿ ಹತ್ತಿರ. ಭಾರತ ತನ್ನ ಠಾಣೆಗೆ ಒಂದು ಡಬ್ಬ ಎಣ್ಣೆ ಮುಟ್ಟಿಸಲು ಮೊದಲು ಇಡೀ ಹಿಮನದಿಯನ್ನು ದಾಟಬೇಕು. ಎತ್ತರ ಗೆದ್ದವನಿಗೇ ಖರ್ಚು ಜಾಸ್ತಿ.

ಟಿ.ವಿ. ಚರ್ಚೆಗಳಲ್ಲಿ ಎರಡು ದೇಶಗಳ ಟ್ಯಾಂಕು, ವಿಮಾನಗಳನ್ನು ಕಬಡ್ಡಿ ಪಂದ್ಯದ ಅಂಕದಂತೆ ಎದುರುಬದುರು ತೋರಿಸುವ ಚಾಳಿಯಿದೆ. ಸಾಲ್ಟೊರೊ ಮೇಲೆ ಆ ಪಟ್ಟಿಗೆ ಅರ್ಥವಿಲ್ಲ. ಅಲ್ಲಿ ಎಣಿಸಬೇಕಾದದ್ದು ಸೀಮೆಎಣ್ಣೆಯ ಲೀಟರು, ಹೆಲಿಕಾಪ್ಟರಿನ ಬೆಳಗಿನ ಗಂಟೆಗಳು ಮತ್ತು ಮನುಷ್ಯನ ಶ್ವಾಸಕೋಶ.

ಶ್ವಾಸಕೋಶದಿಂದಲೇ ಶುರು ಮಾಡೋಣ. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಅಂದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಹುಬ್ಬಳ್ಳಿಯಿಂದಲೋ ಮಧುರೈಯಿಂದಲೋ ಬಂದ ಯೋಧನನ್ನು ನೇರ ಅಲ್ಲಿಗೆ ಒಯ್ದು ಬಿಟ್ಟರೆ ಕೆಲವೇ ದಿನದಲ್ಲಿ ಹೆಣ. ಅದಕ್ಕೆ ಸೇನೆ ಮೂರು ಹಂತದ ಒಗ್ಗಿಕೊಳ್ಳುವ ಕ್ರಮ ಇಟ್ಟುಕೊಂಡಿದೆ. 9,000ದಿಂದ 12,000 ಅಡಿಯ ನಡುವೆ ಆರು ದಿನ, 15,000 ಅಡಿಯವರೆಗೆ ಇನ್ನೂ ನಾಲ್ಕು ದಿನ, ಅದರ ಮೇಲಕ್ಕೆ ಮತ್ತೆ ನಾಲ್ಕು ದಿನ. ಮೊದಲೆರಡು ದಿನ ಬರೀ ವಿಶ್ರಾಂತಿ. ಆಮೇಲೆ ಸಮತಟ್ಟಿನಲ್ಲಿ ನಡಿಗೆ, ಸಣ್ಣ ಏರು, ಕೊನೆಗೆ ಹೊರೆ ಹೊತ್ತು ಹತ್ತುವುದು. ರಜೆಗೆ ಊರಿಗೆ ಹೋಗಿ ಹತ್ತು ದಿನ ಮೀರಿ ಕೆಳಗಿದ್ದರೆ ಮತ್ತೆ ಒಗ್ಗಿಕೊಳ್ಳಬೇಕು. ದೇಹ ಗಟ್ಟಿಯಿದೆ ಎಂದು ಆತುರಪಡುವ ಹುಡುಗರೇ ಇಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆ, ಏಕೆಂದರೆ ಕಸರತ್ತಿನ ಬಲಕ್ಕೂ ಎತ್ತರ ತಾಳುವ ಗುಣಕ್ಕೂ ಸಂಬಂಧ ಕಡಿಮೆ.

ಕೆಡುವುದು ಹೀಗೆ. ಮೊದಲು ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು. ಆಮೇಲೆ ಒಣ ಕೆಮ್ಮು. ಕೂತಿದ್ದಾಗಲೂ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಕಫದಲ್ಲಿ ಗುಲಾಬಿ ನೊರೆ ಕಂಡರೆ ಹೊತ್ತು ಮೀರಿದೆ. ಮಿದುಳಿನಲ್ಲಿ ಬಾವು ಬಂದವನು ಕುಡಿದವನಂತೆ ತೂರಾಡುತ್ತಾನೆ, ಅಸಂಬದ್ಧ ಮಾತಾಡುತ್ತಾನೆ, ತನಗೇನೂ ಆಗಿಲ್ಲವೆಂದು ವಾದಿಸುತ್ತಾನೆ. ಈ ಕಾಯಿಲೆಗಳ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಒಂದು ದೊಡ್ಡ ಪಾಲು ಭಾರತೀಯ ಸೈನಿಕರ ಕಷ್ಟದಿಂದ ಬಂದದ್ದು. 1962ರ ಚೀನಾ ಯುದ್ಧದ ಹೊತ್ತಿಗೆ ತಗ್ಗು ನಾಡಿನಿಂದ ಅವಸರವಾಗಿ ಎತ್ತರಕ್ಕೆ ಸಾಗಿಸಿದವರನ್ನು ಗಮನಿಸಿದ ಸೇನಾ ವೈದ್ಯರು 1,925 ಜನರ ವಿವರವನ್ನು 1969ರಲ್ಲಿ ಪ್ರಕಟಿಸಿದರು. ಇಂದಿಗೂ ವೈದ್ಯರು ಅದನ್ನು ಉಲ್ಲೇಖಿಸುತ್ತಾರೆ. ಮುಖ್ಯ ಮದ್ದು ಕೆಳಗಿಳಿಸುವುದು. ಹಿಮಗಾಳಿ ಬೀಸಿ ಹೆಲಿಕಾಪ್ಟರ್ ಬರದಿದ್ದರೆ ರೋಗಿಯನ್ನು ಗಾಳಿಚೀಲದೊಳಗೆ ಮಲಗಿಸಿ ಜಿಪ್ ಎಳೆದು ಕಾಲಲ್ಲಿ ಪಂಪ್ ತುಳಿಯುತ್ತಾರೆ. ಚೀಲದೊಳಗಿನ ಒತ್ತಡ ಏರಿ ರೋಗಿಗೆ ಸುಮಾರು 2,000 ಮೀಟರ್ ಕೆಳಗಿಳಿದಷ್ಟು ಫಲ ಸಿಗುತ್ತದೆ. ಪಂಪ್ ನಿಲ್ಲಿಸುವಂತಿಲ್ಲ; ನಿಲ್ಲಿಸಿದರೆ ಅವನು ಬಿಟ್ಟ ಉಸಿರೇ ಒಳಗೆ ತುಂಬಿ ಉಸಿರುಗಟ್ಟುತ್ತದೆ. ತುಳಿಯುವವರಿಗೂ ಅದೇ ತೆಳು ಗಾಳಿ, ಹಾಗಾಗಿ ಸರದಿ ಹಾಕಿಕೊಳ್ಳಬೇಕು.

ಇನ್ನು ಸಾಮಾನು. ಬುಡದ ಶಿಬಿರ ಸುಮಾರು 12,000 ಅಡಿಯಲ್ಲಿದೆ, ಅಲ್ಲಿಯವರೆಗೆ ಲಾರಿ ಬರುತ್ತದೆ. ಮೇಲಕ್ಕೆ ಹಿಮಸ್ಕೂಟರು, ಜಾರುಬಂಡಿ, ಬೆನ್ನು ಮತ್ತು ಹೆಲಿಕಾಪ್ಟರು. ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಸೀಮೆಎಣ್ಣೆ. ಡೀಸೆಲ್ ಮೇಣದಂತೆ ಹೆಪ್ಪುಗಟ್ಟುವ ಚಳಿಯಲ್ಲೂ ಅದು ಹರಿಯುತ್ತದೆ. ಡೇರೆ ಬೆಚ್ಚಗಿಡುವ ಬುಖಾರಿ ಒಲೆ ಉರಿಸುವುದು ಅದರಲ್ಲಿ, ಅಡುಗೆ ಅದರಲ್ಲಿ, ಕುಡಿಯುವ ನೀರಿಗೆ ಮಂಜುಗಡ್ಡೆ ಕರಗಿಸುವುದೂ ಅದರಲ್ಲಿ. ಸುತ್ತ ಕಣ್ಣು ಹರಿಯುವಷ್ಟು ದೂರ ನೀರೇ ಇದ್ದರೂ ಒಂದು ಲೋಟಕ್ಕೆ ಎಣ್ಣೆ ಸುಡಬೇಕು. ಹಿಮನದಿಯ ಮೇಲೆ ಕೊಳವೆ ಹಾಕಿ ಕೆಲವು ಶಿಬಿರಗಳಿಗೆ ಎಣ್ಣೆ ಹರಿಸುವ ಏರ್ಪಾಡೂ ಇದೆ. ಆದರೆ ಹಿಮನದಿ ಹೆಸರಿಗೆ ತಕ್ಕಂತೆ ಹರಿಯುವ ವಸ್ತು. ಇಂದು ನೆಟ್ಟಗಿದ್ದ ಕೊಳವೆಯನ್ನು ನಾಳೆ ಬಿರುಕೊಂದು ಎಳೆದು ಕೀಳುತ್ತದೆ, ಯಾರಾದರೂ ಉದ್ದಕ್ಕೂ ನಡೆದು ಸೋರಿಕೆ ಹುಡುಕಬೇಕು. ಡೇರೆಯೊಳಗೆ ಬುಖಾರಿಯ ಮಸಿ ಗಂಟಲಿಗೆ ಇಳಿಯುತ್ತದೆ. ಗಾಳಿಕಿಂಡಿಯನ್ನು ಹಿಮ ಮುಚ್ಚಿದರೆ ವಿಷಾನಿಲ ತುಂಬಿ ನಿದ್ದೆಯಲ್ಲೇ ಸಾವು; ಅದಕ್ಕೆ ರಾತ್ರಿ ಒಬ್ಬ ಎಚ್ಚರವಿದ್ದು ಕಿಂಡಿ ಬಿಡಿಸುತ್ತಿರುತ್ತಾನೆ.

6,000 ಮೀಟರ್ ಎತ್ತರದಲ್ಲಿ ನೀರು 80 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ, ಬೇಳೆಯ ಮಾತಂತೂ ಬೇಡ. ಇದರ ಜೊತೆಗೆ ಎತ್ತರದಲ್ಲಿ ಹಸಿವೂ ಸಾಯುತ್ತದೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಲ್ಲಿ ಶುರುವಾದದ್ದು ಇಂಥ ಸಮಸ್ಯೆಗಳಿಗಾಗಿಯೇ. ಪುಲಾವು, ಉಪ್ಪಿಟ್ಟು, ರವೆ ಹಲ್ವವನ್ನು ಪದರಗಳ ಚೀಲದಲ್ಲಿ ಮುಚ್ಚಿ 121 ಡಿಗ್ರಿ ಆವಿಯಲ್ಲಿ ಬೇಯಿಸಿ ಸೂಕ್ಷ್ಮಜೀವಿ ಕೊಂದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಹರಿದು ತಿನ್ನಬಹುದು. ರೈಲಿನಲ್ಲಿ, ಅಂಗಡಿಯಲ್ಲಿ ಈಗ ಸಿಗುವ ಚೀಲದೂಟ ಈ ಅಡುಗೆಯ ನೆಂಟ.

ಬೆಂಗಳೂರಿನ ಎಚ್‌ಎಎಲ್‌ನ ಚೀತಾ ಹೆಲಿಕಾಪ್ಟರಿನ ಮೂಲ ಫ್ರಾನ್ಸಿನ ಲಾಮಾ. 1972ರಲ್ಲಿ ಹಗುರಗೊಳಿಸಿದ ಒಂದು ಲಾಮಾ 12,442 ಮೀಟರ್ ಎತ್ತರಕ್ಕೇರಿ ದಾಖಲೆ ಮಾಡಿತ್ತು. ಹಾಗೆಂದು ಚೀತಾ ಅಲ್ಲಿ ಹೊರೆ ಹೊರುತ್ತದೆ ಎಂದುಕೊಳ್ಳಬೇಡಿ. ಅತಿ ಎತ್ತರದ ಠಾಣೆಗೆ ಒಂದು ಸಲಕ್ಕೆ ಒಂದು ಜೆರಿಕ್ಯಾನ್, ಹೆಚ್ಚೆಂದರೆ ಇನ್ನೊಂದು ಸಣ್ಣ ಮೂಟೆ. ಪೈಲಟ್ ಇಂಧನವನ್ನೂ ಹೋಗಿಬರಲು ಬೇಕಾದಷ್ಟೇ ತುಂಬಿಸಿಕೊಳ್ಳುತ್ತಾನೆ. ತೊಟ್ಟಿಯಲ್ಲಿ ಹೆಚ್ಚು ಉಳಿದ ಪ್ರತಿ ಲೀಟರೂ ಮೇಲಿನವರ ಊಟದಿಂದ ಕಳೆದಂತೆ. ಹಾರಾಟ ಬೆಳಗಿನ ಜಾವ. ತಂಪು ಗಾಳಿ ದಟ್ಟ, ರೆಕ್ಕೆಗೆ ಹಿಡಿತ ಸಿಗುತ್ತದೆ. ಬಿಸಿಲೇರಿದರೆ ಗಾಳಿ ತೆಳುವಾಗಿ ಸುಳಿಗಾಳಿಯೂ ಏಳುತ್ತದೆ. ಹಲಗೆಯಷ್ಟಗಲದ ಜಾಗದ ಮೇಲೆ ಇಳಿದರೂ ಎಂಜಿನ್ ಆರಿಸುವುದಿಲ್ಲ, ಏಕೆಂದರೆ ಅಲ್ಲಿ ಮತ್ತೆ ಹೊತ್ತಿಕೊಳ್ಳುವ ಭರವಸೆಯಿಲ್ಲ. ಅರ್ಧ ನಿಮಿಷದಲ್ಲಿ ಡಬ್ಬ ಇಳಿಸಿ, ರೋಗಿಯನ್ನೋ ಟಪಾಲನ್ನೋ ಏರಿಸಿ ಹಾರಬೇಕು. ದೊಡ್ಡ ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಎಸೆದ ಸಾಮಾನಿನಲ್ಲಿ ಒಂದಿಷ್ಟು ಬಿರುಕುಗಳ ಪಾಲು.

ಬಂದೂಕಿನ ವಿಷಯದಲ್ಲಿ ಹೊಸಬರು ಮಾಡುವ ತಪ್ಪು, ಅದನ್ನು ಬೆಚ್ಚಗಿನ ಡೇರೆಯೊಳಗೆ ತರುವುದು. ಒಳಗಿನ ತೇವ ಲೋಹದ ಮೇಲೆ ಹನಿಯಾಗಿ ಕೂರುತ್ತದೆ, ಹೊರಗೆ ಒಯ್ದ ಕೂಡಲೇ ಮಂಜುಗಡ್ಡೆಯಾಗಿ ಕೀಲು ಹಿಡಿಯುತ್ತದೆ. ಬಂದೂಕು ಚಳಿಯಲ್ಲೇ ಇರಬೇಕು, ಮಾಮೂಲಿ ಎಣ್ಣೆ ಒರೆಸಿ ತೆಗೆದಿರಬೇಕು. ಬ್ಯಾಟರಿಯದ್ದು ತದ್ವಿರುದ್ಧ, ಅದು ಅಂಗಿಯೊಳಗೆ ಮೈಗೆ ಅಂಟಿಕೊಂಡಿರಬೇಕು. ತೆಳು ಗಾಳಿಯಲ್ಲಿ ಫಿರಂಗಿ ಗುಂಡಿಗೆ ತಡೆ ಕಡಿಮೆ, ಬಯಲಿನ ಲೆಕ್ಕದಲ್ಲಿ ಹಾರಿಸಿದರೆ ಗುರಿ ದಾಟಿ ಹೋಗುತ್ತದೆ. ಕೈಗವಸು ತೆಗೆದು ಲೋಹ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತು ಬರುತ್ತದೆ. ಹಿಮಕಡಿತವಾದ ಬೆರಳನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಲೂಬಾರದು. 37ರಿಂದ 39 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಡಬೇಕು, ಅದೂ ಮತ್ತೆ ಹೆಪ್ಪುಗಟ್ಟುವುದಿಲ್ಲ ಎಂದು ಖಾತ್ರಿಯಿದ್ದರೆ ಮಾತ್ರ. ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳು ಉಳಿಯುವುದು ಕಷ್ಟ.

ನಡಿಗೆ ರಾತ್ರಿ ಎರಡು–ಮೂರು ಗಂಟೆಗೆ, ಹಿಮ ಗಟ್ಟಿಯಿರುವಾಗ, ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಿ. ಬಿರುಕಿನ ಮೇಲೆ ಹೊಸ ಹಿಮ ಚಾಪೆಯಂತೆ ಹಾಸಿರುತ್ತದೆ. ಮುಂದಿನವನು ಕೋಲಿನಿಂದ ಚುಚ್ಚಿ ನೋಡುತ್ತಾ ಹೋಗುತ್ತಾನೆ. ಹಿಮಪಾತ ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದಲ್ಲಿ ಹಿಮ ನಿಲ್ಲುವುದೇ ಇಲ್ಲ, ಸಪಾಟಾದಲ್ಲಿ ಜಾರುವುದಿಲ್ಲ. ಹೂತುಹೋದವನನ್ನು ಮೊದಲ ಕಾಲು ಗಂಟೆಯಲ್ಲಿ ತೆಗೆದರೆ ಬದುಕುವ ಆಸೆ ಚೆನ್ನಾಗಿದೆ, ಅರ್ಧ ಗಂಟೆ ದಾಟಿದರೆ ಬಹಳ ಕಡಿಮೆ. ಈ ಲೆಕ್ಕವನ್ನು ಮೀರಿದ್ದಕ್ಕೇ ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿಯ ಸೋನಂ ಠಾಣೆಯ ಮೇಲೆ ಮಂಜಿನ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಅವರಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಗಳವರೂ ಇದ್ದರು. ಬಂಡೆಯಂತಾದ ಮಂಜನ್ನು ಕೊರೆದು, ನಾಯಿಗಳನ್ನು ಬಿಟ್ಟು ಹುಡುಕಿದಾಗ 8ರ ರಾತ್ರಿ 25 ಅಡಿಗೂ ಹೆಚ್ಚು ಆಳದಲ್ಲಿ ಹನುಮಂತಪ್ಪ ಉಸಿರಾಡುತ್ತಿದ್ದರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡರು. ಎದುರು ಬದಿಯಲ್ಲಿ 2012ರ ಏಪ್ರಿಲ್ 7ರಂದು ಗಯಾರಿಯ ಬೆಟಾಲಿಯನ್ ಕೇಂದ್ರದ ಮೇಲೆ ಹಿಮ ಕುಸಿದು 140 ಜನ ಒಂದೇ ಬೆಳಗಿನಲ್ಲಿ ಹೋದರು. 1984ರಿಂದ 2015ರ ಕೊನೆಯವರೆಗೆ ಸಿಯಾಚಿನ್‌ನಲ್ಲಿ ತೀರಿಕೊಂಡ ಭಾರತೀಯ ಯೋಧರು 869 ಎಂದು ಸರ್ಕಾರ ಹೇಳಿದೆ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹವೆ. 2003ರ ನವೆಂಬರಿನ ಕದನವಿರಾಮದ ನಂತರ ಗುಂಡು ನಿಂತಿತು, ಹಿಮ ನಿಲ್ಲಲಿಲ್ಲ.

ಹಾಗಾದರೆ ಇಬ್ಬರೂ ಇಳಿಯಬಾರದೇಕೆ? 1989ರ ಜೂನ್‌ನಲ್ಲಿ ಇಳಿಯುವ ಮಾತು ಜಂಟಿ ಹೇಳಿಕೆಯವರೆಗೆ ಬಂದಿತ್ತು. 1992ರಲ್ಲಿ ಮತ್ತೆ ಹತ್ತಿರ ಬಂತು. ಮುರಿದದ್ದು ಒಂದೇ ಗಂಟಿನಲ್ಲಿ. ಈಗ ಯಾರು ಎಲ್ಲಿದ್ದಾರೆ ಎಂಬುದನ್ನು ನಕ್ಷೆಯಲ್ಲಿ ಗುರುತು ಹಾಕಿ ಇಬ್ಬರೂ ಸಹಿ ಮಾಡೋಣ, ಆಮೇಲೆ ಇಳಿಯೋಣ ಎನ್ನುತ್ತದೆ ಭಾರತ. ಗುರುತಿಗೆ ಸಹಿ ಹಾಕಿದರೆ 1984ರ ಏರಿಕೆಯನ್ನು ಒಪ್ಪಿಕೊಂಡಂತಾಗುತ್ತದೆ, ಮೊದಲು ಇಳಿಯಿರಿ ಎನ್ನುತ್ತದೆ ಪಾಕಿಸ್ತಾನ. 1999ರ ಕಾರ್ಗಿಲ್ ಆದ ಮೇಲೆ ಭಾರತದ ಸೇನೆ ಈ ವಿಷಯದಲ್ಲಿ ಮಣಿಯುವುದು ಅಸಾಧ್ಯವೇ ಆಯಿತು. ಚಳಿಗಾಲಕ್ಕೆಂದು ಬಿಟ್ಟುಬಂದ ಎತ್ತರಗಳಲ್ಲಿ ಬೇರೆಯವರು ಬಂದು ಕೂತದ್ದನ್ನು ನೋಡಿದವರಿಗೆ ಬಾಯಿಮಾತಿನ ಮೇಲೆ ಸಾಲ್ಟೊರೊ ಇಳಿಯಿರಿ ಎಂದರೆ ಯಾರು ಕೇಳುತ್ತಾರೆ? ಇಳಿದ ಮೇಲೆ ಎದುರಾಳಿ ಹತ್ತಿದರೆ ಮತ್ತೆ ಏರಿ ಬಿಡಿಸುವುದು ಏನೆಂಬುದಕ್ಕೆ 1987ರಲ್ಲಿ ಪಾಕಿಸ್ತಾನದ ಶಿಖರಠಾಣೆ ಬಿಡಿಸಲು ಭಾರತದ ಯೋಧ ಬಾನಾ ಸಿಂಗ್ ಮತ್ತು ಸಂಗಡಿಗರು ಹತ್ತಿದ ಮಂಜಿನ ಗೋಡೆಯೇ ಸಾಕ್ಷಿ. ಹದಿಮೂರನೆಯ ಸುತ್ತಿನ ಮಾತುಕತೆ 2012ರ ಜೂನ್‌ನಲ್ಲಿ ಮುಗಿಯಿತು. ಗಯಾರಿ ದುರಂತವಾಗಿ ಎರಡೇ ತಿಂಗಳಾಗಿದ್ದರೂ ಗಂಟು ಬಿಚ್ಚಲಿಲ್ಲ. ಸಹಿ ಕೇಳುವುದು ಹಟವೆಂದು ನನಗೆ ಅನ್ನಿಸುವುದಿಲ್ಲ. ಅರ್ಧ ವಾಕ್ಯ ಬರೆದಿಟ್ಟ ಫಲವನ್ನು ಒಮ್ಮೆ ಉಂಡವರು ಎರಡನೆಯ ಸಲ ಬರಹವೇ ಇಲ್ಲದೆ ಎದ್ದು ಬರಲಾರರು.

ಕೆಳಗಿನ ತುದಿಯಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ಬರಹ ಕಡಿಮೆಯಾಗಿಲ್ಲ, ಒಂದಕ್ಕೆ ಎರಡಾಗಿದೆ.

ಸರ್ ಕ್ರೀಕ್ ಸುಮಾರು 96 ಕಿ.ಮೀ. ಉದ್ದದ, ಭರತ ಬಂದಾಗ ತುಂಬಿ ಇಳಿತಕ್ಕೆ ಕೆಸರಾಗುವ ಕಾಲುವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಗಳ ಹುಟ್ಟಿದ್ದು ಸೌದೆಗಾಗಿ; ದಡದ ಪೊದೆ ಕಡಿಯುವ ಹಕ್ಕು ಕಚ್ಛದ ಅರಸರಾದ ರಾಯರಿಗೋ ಸಿಂಧ್ ಆಡಳಿತಕ್ಕೋ ಎಂದು. ಸಿಂಧ್ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮುಂಬಯಿ ಸರ್ಕಾರ 1914ರಲ್ಲಿ ಒಂದು ನಿರ್ಣಯ ಹೊರಡಿಸಿತು. ಅದರ 9ನೇ ಪರಿಚ್ಛೇದ ಮತ್ತು ಜೊತೆಗಿನ ನಕ್ಷೆಯಲ್ಲಿ ಗಡಿಯ ಹಸಿರು ಗೆರೆ ಕ್ರೀಕಿನ ಪೂರ್ವದ ದಡದ ಮೇಲಿದೆ. 10ನೇ ಪರಿಚ್ಛೇದದಲ್ಲಿ, ಕ್ರೀಕು ಆಗಾಗ ಪಥ ಬದಲಿಸುವುದರಿಂದ ದೋಣಿ ಸಾಗುವ ಕಾಲುವೆಯ ನಡುವೇ ಗಡಿಯೆಂದು ಹೇಳುವುದು ಸರಿ ಎಂಬ ಅಭಿಪ್ರಾಯವಿದೆ. ಒಂದೇ ಆದೇಶ, ಅಕ್ಕಪಕ್ಕದ ಎರಡು ಪರಿಚ್ಛೇದ, ಎರಡು ಗಡಿ. ಪಾಕಿಸ್ತಾನ 9ನೆಯದನ್ನು ಹಿಡಿದಿದೆ, ಆ ಲೆಕ್ಕದಲ್ಲಿ ಇಡೀ ಕ್ರೀಕು ಅದರದ್ದು. ಭಾರತ 10ನೆಯದನ್ನೂ, ನಡುನೀರಿನ ಗೆರೆ ತೋರಿಸುವ 1925ರ ನಕ್ಷೆಯನ್ನೂ ಹಿಡಿದಿದೆ. ದೋಣಿ ಸಾಗುವ ಕಾಲುವೆ ಎಂಬ ಪದದ ಮೇಲೂ ವಾದವಿದೆ. ವರ್ಷದ ಬಹುಕಾಲ ಇಲ್ಲಿ ದೋಣಿ ಹೋಗುವುದಿಲ್ಲ ಎಂದು ಪಾಕಿಸ್ತಾನ. ಭರತದಲ್ಲಿ ಮೀನಿನ ದೋಣಿ ಓಡಾಡುತ್ತವಲ್ಲ ಎಂದು ಭಾರತ.

1965ರ ಏಪ್ರಿಲಿನಲ್ಲಿ ಕಚ್ಛದ ರಣ್ ಎಂಬ ಉಪ್ಪುಬಯಲಿನಲ್ಲಿ ಕಾಳಗವಾಗಿ, ವ್ಯಾಜ್ಯ ಸ್ವೀಡನ್ನಿನ ಗುನ್ನಾರ್ ಲಾಗರ್‌ಗ್ರೆನ್ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಹೋಯಿತು. 1968ರ ಫೆಬ್ರುವರಿ 19ರ ತೀರ್ಪು ವಿವಾದದ ನೆಲದ ಸುಮಾರು ಹತ್ತನೇ ಒಂದು ಪಾಲನ್ನು ಪಾಕಿಸ್ತಾನಕ್ಕೆ ಕೊಟ್ಟಿತು, ಇಬ್ಬರೂ ಒಪ್ಪಿಕೊಂಡರು. ಈ ಎರಡು ದೇಶಗಳ ಚರಿತ್ರೆಯಲ್ಲಿ ಇದು ಅಪರೂಪ. ಆದರೆ ಕ್ರೀಕಿನ ತಲೆಯಿಂದ ಸಮುದ್ರದವರೆಗಿನ ಭಾಗವನ್ನು ಮಂಡಳಿಯ ಮುಂದೆ ಇಡಲೇ ಇಲ್ಲ. ಅದು ಆಗ ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ.

ದೊಡ್ಡದಾದದ್ದು ಸಮುದ್ರದ ಕಾನೂನು ಬದಲಾದ ಮೇಲೆ. ಕರಾವಳಿಯಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿ.ಮೀ.ವರೆಗಿನ ಮೀನು, ತೈಲ, ಅನಿಲ ಆಯಾ ದೇಶಕ್ಕೆ ಎಂದಾಯಿತು. ಸಮುದ್ರದ ಗೆರೆ ಶುರುವಾಗುವುದು ನೆಲದ ಗೆರೆ ಮುಗಿದಲ್ಲಿ. ಕಾಗದ ಪೆನ್ಸಿಲ್ ಹಿಡಿದರೆ ಗೊತ್ತಾಗುತ್ತದೆ: ಆ ಕೊನೆಯ ಬಿಂದು ಕರಾವಳಿಯ ಗುಂಟ 1 ಕಿ.ಮೀ. ಸರಿದು ಗೆರೆಯ ದಿಕ್ಕು ಬದಲಾಗದಿದ್ದರೂ 370 ಚದರ ಕಿ.ಮೀ. ಸಮುದ್ರ ಕೈ ಬದಲಾಗುತ್ತದೆ. ದಿಕ್ಕು ಒಂದೇ ಒಂದು ಡಿಗ್ರಿ ಓರೆಯಾದರೆ ಆಚೆ ತುದಿಯಲ್ಲಿ ಆರೂವರೆ ಕಿ.ಮೀ. ವ್ಯತ್ಯಾಸ, ಒಟ್ಟು ಸುಮಾರು 1,200 ಚದರ ಕಿ.ಮೀ. ಸೌದೆಯ ಜಗಳದ ಕೆಸರು ಈ ಲೆಕ್ಕದಿಂದ ಬೆಲೆಬಾಳುವಂತಾಯಿತು.

ಇದರ ಮೇಲೆ, ನೆಲವೇ ನಿಂತಲ್ಲಿ ನಿಲ್ಲುವುದಿಲ್ಲ. 1819ರ ಜೂನ್ 16ರ ಭೂಕಂಪದಲ್ಲಿ ಕಚ್ಛದ ಉತ್ತರಕ್ಕೆ ಒಂದು ಉದ್ದನೆಯ ದಿಬ್ಬ ಎದ್ದಿತು, ಜನ ಅದನ್ನು ಅಲ್ಲಾಹ್ ಬಂಧ್ ಎಂದು ಕರೆದರು. ಸಿಂಧ್ರಿ ಕೋಟೆ ನೀರಿನಲ್ಲಿ ಮುಳುಗಿತು, ಲಖ್‌ಪತ್ ಬಂದರಿಗೆ ಬರುತ್ತಿದ್ದ ಸಿಂಧೂವಿನ ಕವಲು ತಪ್ಪಿಹೋಯಿತು. ಚಂಡಮಾರುತ ಬಂದು ಹೋದರೆ ಸಾಕು, ಇಳಿತದ ಗೆರೆ ಬೇರೆಯಾಗಿರುತ್ತದೆ. ಚೆಕ್ಕುಬಂದಿಯಲ್ಲಿ 'ಪೂರ್ವಕ್ಕೆ ಹಳ್ಳ' ಎಂದು ಬರೆದು, ಹಳ್ಳ ಮಳೆಗಾಲದಲ್ಲಿ ದಿಕ್ಕು ಬದಲಿಸಿದರೆ ಹದ್ದುಬಸ್ತಿಗೆ ಬಂದ ಸರ್ವೆಯವರು ಪಡುವ ಪಾಡು ಇಲ್ಲಿಯದೂ.

ಎರಡು ತುದಿಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಸ್ವಾರಸ್ಯವಿದೆ. ಹಿಮದಲ್ಲೂ ಕೆಸರಿನಲ್ಲೂ ಭಾರತ ನೀರಿನ ಮೊರೆ ಹೋಗುತ್ತದೆ, ಮೇಲೆ ನೀರು ಇಬ್ಭಾಗವಾಗುವ ಏಣು, ಕೆಳಗೆ ನಡುನೀರು. ಪಾಕಿಸ್ತಾನ ಎರಡೂ ಕಡೆ ಎಳೆದ ಗೆರೆಯ ಮೊರೆ ಹೋಗುತ್ತದೆ, ಮೇಲೆ ನೇರ ಗೆರೆ, ಕೆಳಗೆ ಹಸಿರು ಗೆರೆ. ಯಾವುದು ಮೊದಲು ಎಂಬ ಜಗಳದಲ್ಲಿ ಮಾತ್ರ ಇಬ್ಬರೂ ಜಾಗ ಬದಲಿಸುತ್ತಾರೆ. ಮೇಲೆ ಗುರುತು ಹಾಕದೆ ಮುಂದಕ್ಕೆ ಹೆಜ್ಜೆಯಿಲ್ಲ ಎನ್ನುವ ಭಾರತ, ಕೆಳಗೆ 200 ಮೈಲಿಯಿಂದ ಒಳಮುಖವಾಗಿ ಸಮುದ್ರದ ಗೆರೆ ಎಳೆಯೋಣ, ಕ್ರೀಕು ಆಮೇಲೆ ನೋಡೋಣ ಎಂದಿತು. ಪಾಕಿಸ್ತಾನ ಮೊದಲು ಕ್ರೀಕು ಎಂದಿತು.

ಈ ಕೆಸರಿನಲ್ಲಿ ಕಾವಲು ಕಾಯುವುದು ಗಡಿ ಭದ್ರತಾ ಪಡೆಯ ಕೆಲಸ. ಬೇಲಿಯ ಕಂಬ ಇಲ್ಲಿ ನಿಲ್ಲುವುದಿಲ್ಲ, ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಪಹರೆ ದೋಣಿಯವರು ಭರತದ ವೇಳಾಪಟ್ಟಿ ನೋಡದೆ ಹೊರಟರೆ ಇಳಿತದಲ್ಲಿ ಹೂಳಿನ ಮೇಲೆ ಕೂತು ಮುಂದಿನ ಭರತಕ್ಕೆ ಕಾಯಬೇಕು. 1999ರ ಆಗಸ್ಟ್ 10ರಂದು, ಕಾರ್ಗಿಲ್ ಮುಗಿದು ತಿಂಗಳೂ ಆಗಿರಲಿಲ್ಲ, ಭಾರತದ ಮಿಗ್–21 ಇಲ್ಲಿ ಪಾಕಿಸ್ತಾನದ ಅಟ್ಲಾಂಟಿಕ್ ಕಡಲ ಕಣ್ಗಾವಲು ವಿಮಾನವನ್ನು ಹೊಡೆದು ಕೆಡವಿತು. ಅದರಲ್ಲಿದ್ದ 16 ಜನರೂ ಸತ್ತರು. ವಿಮಾನ ಯಾರ ಆಕಾಶದಲ್ಲಿತ್ತು ಎಂದು ಇಬ್ಬರೂ ವಾದಿಸಿದರು. ಪಾಕಿಸ್ತಾನ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, ತನಗೆ ವಿಚಾರಣೆಯ ಅಧಿಕಾರವಿಲ್ಲವೆಂದು ನ್ಯಾಯಾಲಯ 2000ರ ಜೂನ್‌ನಲ್ಲಿ ಕೈತೊಳೆದುಕೊಂಡಿತು. 2025ರ ಅಕ್ಟೋಬರ್ 2ರಂದು ಭುಜ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್, ಕರಾಚಿಗೆ ಹೋಗುವ ಒಂದು ದಾರಿ ಈ ಕ್ರೀಕಿನ ಮೂಲಕವೂ ಹಾದುಹೋಗುತ್ತದೆ ಎಂದು ಎಚ್ಚರಿಸಿದ್ದನ್ನು ಓದುಗರು ಮರೆತಿರಲಾರರು. ಈ ಪೈಪೋಟಿಯ ಒಂದು ತುಣುಕು ನಮ್ಮ ಕರಾವಳಿಗೂ ಬಂದಿದೆ. ಮುಂಬಯಿ ಬಂದರು ಕಿಕ್ಕಿರಿದದ್ದು, ಕರಾಚಿಗೆ ಹತ್ತಿರದ್ದು; ಪಶ್ಚಿಮ ನೌಕಾಪಡೆಗೆ ಇನ್ನೊಂದು ಆಳದ ನೆಲೆ ಬೇಕೆಂದು ಹುಡುಕಿದ್ದಕ್ಕೇ ಕಾರವಾರದಲ್ಲಿ 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು, ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ನಿಲ್ಲಿಸುವ ದಡ ಬಿಟ್ಟೆದ್ದವು.

ಆದರೆ ದಿನನಿತ್ಯ ಈ ಗಡಿಗೆ ಸಿಕ್ಕಿಬೀಳುವವರು ಮೀನುಗಾರರು. ಪೋರಬಂದರ್, ಓಖಾ, ವೆರಾವಳದ ದೋಣಿಗಳು ಆರೆಂಟು ಜನರನ್ನು ಹೊತ್ತು ವಾರಗಟ್ಟಲೆ ಕಡಲಲ್ಲಿರುತ್ತವೆ. ಮೀನು ದಟ್ಟವಾಗಿರುವುದು ಸಿಹಿನೀರೂ ಹೂಳೂ ಬಂದು ಸೇರುವ ಕಡೆ, ಅಂದರೆ ಗಡಿಯ ಕಡೆಗೇ. ಬಲೆ ಎಳೆಯುವ ದೋಣಿ ಸೆಳೆತದೊಂದಿಗೆ ತೇಲುತ್ತದೆ. ಎಂಜಿನ್ ಕೆಟ್ಟರಂತೂ ಜಿಪಿಎಸ್ ತಾನು ಎಲ್ಲಿದ್ದೇನೆಂದು ಹೇಳುತ್ತದೆಯೇ ಹೊರತು ದೋಣಿಯನ್ನು ಹಿಂದಕ್ಕೆ ತಳ್ಳುವುದಿಲ್ಲ. ಹಿಡಿದವರು ಶಿಕ್ಷೆ ವಿಧಿಸುತ್ತಾರೆ. ಶಿಕ್ಷೆ ಮುಗಿದರೂ ಇವನು ನಮ್ಮವನೇ ಎಂದು ಅವನ ದೇಶ ದೃಢಪಡಿಸುವವರೆಗೆ ಜೈಲೇ ಗತಿ. ಆಮೇಲೆ ಮನುಷ್ಯ ಮರಳಿದರೂ ದೋಣಿ ಮರಳುವುದು ಅಪರೂಪ, ಮತ್ತು ಸಾಲ ಇರುವುದು ದೋಣಿಯ ಮೇಲೆ. 2008ರ ಒಪ್ಪಂದದಂತೆ ಎರಡು ದೇಶಗಳೂ ತಮ್ಮ ಸೆರೆಯಲ್ಲಿರುವವರ ಪಟ್ಟಿಯನ್ನು ಪ್ರತಿವರ್ಷ ಜನವರಿ 1 ಮತ್ತು ಜುಲೈ 1ರಂದು ಬದಲಾಯಿಸಿಕೊಳ್ಳುತ್ತವೆ. ಯುದ್ಧದ ಮಾತು ಕಾವೇರಿದ ವರ್ಷಗಳಲ್ಲೂ ಈ ಪಟ್ಟಿ ತಪ್ಪಿಲ್ಲ. ಅದೇ 2008ರ ನವೆಂಬರಿನಲ್ಲಿ ಮುಂಬಯಿಗೆ ಬಂದ ಹಂತಕರು ಪೋರಬಂದರಿನ 'ಕುಬೇರ್' ಎಂಬ ಮೀನಿನ ದೋಣಿಯನ್ನು ಅಪಹರಿಸಿ ತಂದಿದ್ದರು. ಅಂದಿನಿಂದ ಕಾವಲಿನವರಿಗೆ ಗೆರೆಯ ಹತ್ತಿರದ ಪ್ರತಿ ದೋಣಿಯೂ ಅನುಮಾನದ್ದು.

ಪರಿಹಾರ ಎಷ್ಟು ಹತ್ತಿರವಿತ್ತು ಎನ್ನುವುದಕ್ಕೆ 2007ರ ಜಂಟಿ ಸಮೀಕ್ಷೆ ನೋಡಬೇಕು. ಎರಡೂ ದೇಶಗಳ ಸರ್ವೆಯವರು ಕ್ರೀಕನ್ನೂ ಅದರಾಚೆಯ ಸಮುದ್ರವನ್ನೂ ಅಳೆದರು. ಆಳ, ದಡ, ಇಳಿತದ ಗೆರೆ ಎಲ್ಲವೂ ಒಂದೇ ನಕ್ಷೆಗೆ ಬಂದವು, ಅಂಕಿಗಳ ಬಗ್ಗೆ ತಕರಾರು ಬರಲಿಲ್ಲ. ಆ ಮೇ ತಿಂಗಳಲ್ಲಿ ಇಬ್ಬರೂ ತಮ್ಮ ತಮ್ಮ ಗೆರೆ ಎಳೆದ ನಕ್ಷೆಗಳನ್ನು ಬದಲಾಯಿಸಿಕೊಂಡರು. ಮುಂದಿನ ವರ್ಷ ಮುಂಬಯಿ ದಾಳಿ ನಡೆದು ಮಾತುಕತೆ ನಿಂತಿತು, ಆಮೇಲೆ ಮತ್ತೆ ಕೂತರೂ ಗೆರೆ ಕೂಡಲಿಲ್ಲ. ಅಂದಿನಿಂದ ಕ್ರೀಕಿನ ಬಾಯಿಯಲ್ಲಿ ಎಷ್ಟೋ ಭರತ, ಎಷ್ಟೋ ಚಂಡಮಾರುತ ಹೂಳನ್ನು ಆಚೀಚೆ ಸರಿಸಿವೆ. ನಾಳೆ ಯಾರಾದರೂ ಸಹಿ ಹಾಕಲು ಕೂತರೆ ಮೊದಲು ಮತ್ತೆ ದೋಣಿ ಇಳಿಸಿ ಆಳ ಅಳೆಯಬೇಕು.